ಗೋಲ್ಡ್‌ಫಿಷ್‌ಗೆ ಬಿಳಿ ಚುಕ್ಕೆ, ಪಕ್ಕದಲ್ಲಿ ಗಾಯ, ಬಾಲವೂ ಹರಿದಿದೆ. ಮೊದಲು ಯಾವುದಕ್ಕೆ ಔಷಧಿ?

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ನಮ್ಮದು 60 ಲೀಟರ್ ಟ್ಯಾಂಕ್, ದೀಪಾವಳಿ ಆದಮೇಲೆ ಇಟ್ಟದ್ದು. ಎರಡು ಗೋಲ್ಡ್‌ಫಿಷ್, ಗಾಜಿನ ಪಾಚಿ ತಿನ್ನಲಿ ಅಂತ ಒಂದು ಸಕ್ಕರ್ ಮೀನು, ಎರಡು ಗಿಡ. ಸ್ಪಂಜ್ ಫಿಲ್ಟರ್ ಇದೆ, ಹೀಟರ್ ಇಲ್ಲ. ಅರ್ಧ ಬೋರ್ ನೀರು, ಅರ್ಧ ನಲ್ಲಿ ನೀರು.

ತೊಂದರೆ ಒಂದೆರಡಲ್ಲ. ಎರಡೂ ಗೋಲ್ಡ್‌ಫಿಷ್‌ಗೆ ಬಿಳಿ ಚುಕ್ಕೆ ಬಂದಿವೆ. ಚಿಕ್ಕದರ ಬಾಲ ತುದಿಯಲ್ಲಿ ಹರಿದು ನೂಲು ನೂಲಾಗಿದೆ. ಅದರ ಪಕ್ಕದಲ್ಲಿ ಹುರುಪೆ ಕಿತ್ತುಹೋಗಿ ಕೆಂಪಗೆ ಗುಂಡಗಿನ ಗಾಯ. ಬೆಳಿಗ್ಗೆ ಹೊತ್ತು ಎರಡೂ ನೀರಿನ ಮೇಲೆ ಬಂದು ಬಾಯಿ ತೆರೆದು ತೆರೆದು ಉಸಿರಾಡುತ್ತವೆ. ಅಂಗಡಿಯವರು ಒಂದು ನೀಲಿ ಔಷಧಿ, ಒಂದು ಹಳದಿ ಪುಡಿ, ನಾಲ್ಕು ಕ್ಯಾಪ್ಸೂಲ್ ಕೊಟ್ಟು ಮೂರನ್ನೂ ಒಟ್ಟಿಗೆ ಹಾಕಿ ಅಂದರು. ಅಮ್ಮ ಅರಿಶಿನ ಹಾಕು ಅಂತಾರೆ. ಇನ್ನೂ ಏನೂ ಹಾಕಿಲ್ಲ. ಯಾವುದರಿಂದ ಶುರು ಮಾಡಲಿ?

ಬೇಲೂರು ಗಪ್ಪಿ

ಉಪ್ಪು ಹಾಕಿ ಸರ್. ಕಲ್ಲುಪ್ಪು, ಒಂದು ಹಿಡಿ. ನಮ್ಮನೇಲಿ ಯಾವ ಕಾಯಿಲೆ ಬಂದರೂ ಅದೇ.

ಗಿರಿ ಅಕ್ವಾ, ಚಿಕ್ಕಮಗಳೂರು

ಒಂದು ಹಿಡಿ ಅಂದರೆ ಯಾರ ಕೈಯ ಹಿಡಿ ಮಾರಾಯ್ರೆ? ಸ್ವಲ್ಪ ತಡೆಯಿರಿ.

ಇನ್ನೂ ಏನೂ ಹಾಕಿಲ್ಲ ಅಂದಿರಲ್ಲ, ಒಳ್ಳೆಯದೇ ಆಯಿತು. ಇವತ್ತು ಔಷಧಿ ಮುಟ್ಟಬೇಡಿ. ಮೂರನೇ ಒಂದು ಭಾಗ ನೀರು ಬದಲಿಸಿ. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ಹದವೂ ಟ್ಯಾಂಕಿನ ನೀರಿನಷ್ಟೇ ಇರಲಿ. ಏರ್ ಪಂಪ್ ಹಗಲು ರಾತ್ರಿ ಓಡಲಿ. ಎರಡು ದಿನ ಊಟ ಬೇಡ. ಅಷ್ಟಕ್ಕೆ ಗೋಲ್ಡ್‌ಫಿಷ್ ಸಾಯುವುದಿಲ್ಲ, ಮಕ್ಕಳು ಬೇಜಾರು ಮಾಡಿಕೊಳ್ಳುತ್ತಾರೆ ಅಷ್ಟೇ.

ಆಮೇಲೆ ಇಷ್ಟು ನೋಡಿ ಹೇಳಿ. ಚುಕ್ಕೆ ಮೈಯಲ್ಲಿ ಎಲ್ಲೆಲ್ಲಿ ಇವೆ, ಎರಡು ಮೀನಿನಲ್ಲೂ ಒಂದೇ ಕಡೆಯಾ? ಅಮೋನಿಯಾ ಮತ್ತು ಪಿಎಚ್ ಎಷ್ಟು? ಬೆಳಿಗ್ಗೆ ಎದ್ದ ಕೂಡಲೇ ನೀರಿನ ತಾಪಮಾನ ಎಷ್ಟು, ಸಂಜೆ ಎಷ್ಟು? ಇನ್ನೊಂದು, ರಾತ್ರಿ ಲೈಟ್ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಾಕಿ ಸಕ್ಕರ್ ಎಲ್ಲಿದೆ ಅಂತ ನೋಡಿ.

ಹೇಮಾವತಿ ದಂಡೆ, ಹಾಸನ

ನಾನು ಸರ್ ಅಲ್ಲ, ಅಕ್ಕ ಅನ್ನಿ ಸಾಕು.

ನೀರು ಬದಲಿಸಿದೆ. ಬದಲಿಸುವ ಮುಂಚೆ ನೋಡಿದ್ದು: ಅಮೋನಿಯಾ 1, ಪಿಎಚ್ 8 ಹತ್ತಿರ. ಬೆಳಿಗ್ಗೆ ನೀರು 18 ಡಿಗ್ರಿ, ಸಂಜೆ 23.

ದೊಡ್ಡ ಮೀನಿಗೆ ಚುಕ್ಕೆ ಇರುವುದು ಕಿವಿರಿನ ಮುಚ್ಚಳದ ಮೇಲೆ, ಮತ್ತೆ ಎದೆಯ ರೆಕ್ಕೆಗಳ ಮುಂದಿನ ಅಂಚಿನಲ್ಲಿ ಮಾತ್ರ. ಸಾಲಾಗಿವೆ. ಚಿಕ್ಕದಕ್ಕೆ ಬಾಲ, ಬೆನ್ನು, ತಲೆ, ಎಲ್ಲ ಕಡೆ ರವೆ ಉದುರಿಸಿದ ಹಾಗಿದೆ. ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತದೆ.

ಟಾರ್ಚ್ ಹಾಕಿ ನೋಡಿದೆ. ಸಕ್ಕರ್ ಚಿಕ್ಕ ಮೀನಿನ ಪಕ್ಕಕ್ಕೇ ಕಚ್ಚಿಕೊಂಡಿತ್ತು! ಗಾಯ ಇರುವ ಜಾಗದಲ್ಲೇ.

ಗಿರಿ ಅಕ್ವಾ, ಚಿಕ್ಕಮಗಳೂರು

ಅಕ್ಕ, ಹಾಗಾದರೆ ನಿಮ್ಮ ಟ್ಯಾಂಕಿನಲ್ಲಿ ಇರುವುದು ಬೇರೆ ಬೇರೆ ನಾಲ್ಕು ವಿಷಯ.

ದೊಡ್ಡ ಮೀನಿನ ಚುಕ್ಕೆ ಕಾಯಿಲೆಯಲ್ಲ. ಅದು ಗಂಡು, ಪ್ರಾಯಕ್ಕೆ ಬಂದಿದೆ. ಗೋಲ್ಡ್‌ಫಿಷ್ ಗಂಡಿಗೆ ಮರಿ ಮಾಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೂ ಎದೆ ರೆಕ್ಕೆಯ ಮೊದಲ ಕಡ್ಡಿಯ ಮೇಲೂ ಇಂಥ ಗಂಟು ಏಳುತ್ತವೆ. ಬಾಲಕ್ಕೆ, ಹೊಟ್ಟೆಗೆ ಹರಡುವುದಿಲ್ಲ. ವಾರಗಟ್ಟಲೆ ಇದ್ದು ತಾವೇ ಹೋಗುತ್ತವೆ. ಇದನ್ನು ನೋಡಿ ಹೆದರಿ ಟ್ಯಾಂಕಿಗೆ ಬಾಟಲಿಗಟ್ಟಲೆ ಔಷಧಿ ಸುರಿದು ಗಟ್ಟಿಮುಟ್ಟಾದ ಗಂಡು ಮೀನು ಕಳೆದುಕೊಂಡವರು ಎಷ್ಟೋ ಜನ.

ಚಿಕ್ಕದಕ್ಕೆ ಬಂದಿರುವುದು ನಿಜವಾದ ಬಿಳಿ ಚುಕ್ಕೆ ರೋಗ, ಇಕ್. ಇಕ್ತಿಯೋಫ್ತಿರಿಯಸ್ ಅನ್ನುವ ಏಕಕೋಶ ಪರಜೀವಿ. ನಾವು ನೋಡುವ ಚುಕ್ಕೆ ಮೀನಿನ ಚರ್ಮದ ಒಳಗೆ ಕೂತು ತಿನ್ನುತ್ತಿರುವ ಪರಜೀವಿ. ಮೇಲೆ ಚರ್ಮದ ಪದರ ಮುಚ್ಚಿರುವುದರಿಂದ ಯಾವ ಔಷಧಿಯೂ ಅದಕ್ಕೆ ತಗಲುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಅದು ಕಳಚಿ ತಳಕ್ಕೆ ಬೀಳುತ್ತದೆ, ಸುತ್ತ ಗೂಡು ಕಟ್ಟಿಕೊಂಡು ಒಳಗೆ ನೂರಾರು ಮರಿಯಾಗಿ ಒಡೆಯುತ್ತದೆ. ಆ ಮರಿಗಳು ಹೊರಗೆ ಬಂದು ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಔಷಧಿಯಾಗಲಿ ಉಪ್ಪಾಗಲಿ ಕೊಲ್ಲುವುದು ಈಜಾಡುವ ಆ ಮರಿಗಳನ್ನು ಮಾತ್ರ.

ನಮ್ಮ ಊರಿನ ಚಳಿ ಲೆಕ್ಕಕ್ಕೆ ಬರುವುದು ಇಲ್ಲೇ. ನೀರು 25 ಡಿಗ್ರಿ ಇದ್ದರೆ ಈ ಸುತ್ತು ವಾರದೊಳಗೆ ಮುಗಿಯುತ್ತದೆ. 18ರಲ್ಲಿ ಎರಡರಷ್ಟೋ ಇನ್ನೂ ಹೆಚ್ಚೋ ಎಳೆಯುತ್ತದೆ. ಬಾಟಲಿ ಮೇಲೆ ‘3 ದಿನ ಹಾಕಿ’ ಅಂತ ಬರೆದಿರುವುದು ಬೆಚ್ಚಗಿನ ನೀರಿಗೆ. ಜನವರಿಯಲ್ಲಿ ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಮೂರು ದಿನ ಹಾಕಿ ನಿಲ್ಲಿಸಿದರೆ ಗೂಡಿನೊಳಗಿನದು ಹಾಗೇ ಉಳಿದು ಮತ್ತೆ ಬರುತ್ತದೆ. ‘ಔಷಧಿ ಡೂಪ್ಲಿಕೇಟ್’ ಅಂತ ಅಂಗಡಿಯವರನ್ನು ಬೈಯುವುದು ಆಮೇಲೆ.

ಮೂರನೆಯದು ಅಮೋನಿಯಾ, ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷ. ಬೆಳಿಗ್ಗೆ ಮೇಲೆ ಬಂದು ಉಸಿರಾಡುವುದಕ್ಕೆ ಇದೇ ಮುಖ್ಯ ಕಾರಣ ಅನಿಸುತ್ತದೆ, ಇಕ್ ಕಿವಿರಿನೊಳಗೂ ಇರಬಹುದು. ಟ್ಯಾಂಕ್ ಹೊಸದು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನೆಲೆಯೂರುವುದಕ್ಕೆ 4ರಿಂದ 6 ವಾರ ಬೇಕು, ಚಳಿಯಲ್ಲಿ ಇನ್ನೂ ಜಾಸ್ತಿ. ಸಾಲದ್ದಕ್ಕೆ ನಿಮ್ಮ ಬೋರ್ ನೀರಿನ ಪಿಎಚ್ 8. ಅದೇ 1 ಅಂಕಿ ಪಿಎಚ್ 7ರಲ್ಲಿ ಇದ್ದರೆ ಆಗುವುದಕ್ಕಿಂತ ಸುಮಾರು ಹತ್ತು ಪಟ್ಟು ವಿಷ 8ರಲ್ಲಿ. ಹಾಗಾಗಿ ನೀಲಿ ಔಷಧಿ ಈಗ ಬೇಡವೇ ಬೇಡ. ಮೀಥೈಲೀನ್ ಬ್ಲೂ ಸ್ಪಂಜಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಅಮೋನಿಯಾ ಇನ್ನೂ ಏರುತ್ತದೆ. ಅದು ಮೊಟ್ಟೆಗೆ ಬೂಷ್ಟು ಹಿಡಿಯದಂತೆ ಹಾಕಲು, ಇಲ್ಲವೇ ಫಿಲ್ಟರ್ ಇಲ್ಲದ ಬಕೆಟ್ಟಿನಲ್ಲಿ ಮೀನು ಇಟ್ಟು ನೋಡಿಕೊಳ್ಳಲು ಸರಿ.

ನಾಲ್ಕನೆಯದು ಸಕ್ಕರ್. ಅದು ಗೋಲ್ಡ್‌ಫಿಷ್ ಮೈಯ ಲೋಳೆ ರುಚಿ ನೋಡಿತು ಅಂದರೆ ಬಿಡುವುದಿಲ್ಲ. ಇವತ್ತೇ ಬೇರೆ ಟಬ್ಬಿಗೆ ಹಾಕಿ. ಅಂಗಡಿಗೆ ವಾಪಸ್ ಕೊಡುವುದು ಈಗ ಬೇಡ, ಇಕ್ ಹೊತ್ತುಕೊಂಡು ಹೋಗಿ ಅಲ್ಲಿನ ಮೀನಿಗೂ ಹಂಚುತ್ತದೆ.

ಈಗ ಉಪ್ಪಿನ ಲೆಕ್ಕ. 60 ಲೀಟರ್ ಟ್ಯಾಂಕಿನಲ್ಲಿ ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನೀರು 50 ಲೀಟರ್. ಗೋಲ್ಡ್‌ಫಿಷ್‌ಗೆ ಲೀಟರಿಗೆ 3 ಗ್ರಾಂ ತಡೆಯುತ್ತದೆ. ಒಟ್ಟು 150 ಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ, 50 ಗ್ರಾಂನಂತೆ 12 ಗಂಟೆಗೊಮ್ಮೆ, ಬೇರೆ ನೀರಿನಲ್ಲಿ ಪೂರ್ತಿ ಕರಗಿಸಿ ಹಾಕಿ. ಉಪ್ಪು ಆವಿಯಾಗಿ ಹೋಗುವುದಿಲ್ಲ. 15 ಲೀಟರ್ ತೆಗೆದು ಹೊಸದು ಹಾಕಿದರೆ ಆ 15 ಲೀಟರಿಗೆ ಬೇಕಾದ 45 ಗ್ರಾಂ ಮಾತ್ರ ಸೇರಿಸಿ. ಗಿಡಗಳಿಗೆ ಇದು ತಡೆಯುವುದಿಲ್ಲ, ಬಕೆಟ್ಟಿಗೆ ತೆಗೆದಿಡಿ. ಸಕ್ಕರ್ ಟಬ್ಬಿಗೆ ಲೀಟರಿಗೆ 1 ಗ್ರಾಂ ಸಾಕು, ಬೆಚ್ಚಗಿನ ಮೂಲೆಯಲ್ಲಿಡಿ.

ಒಂದು 50 ವ್ಯಾಟ್ ಹೀಟರ್ ತನ್ನಿ. ದಿನಕ್ಕೆ ಒಂದೆರಡು ಡಿಗ್ರಿ ಏರಿಸಿ 26ಕ್ಕೆ ನಿಲ್ಲಿಸಿ. ಕೊನೆಯ ಚುಕ್ಕೆ ಕಂಡ ಮೇಲೆ ಇನ್ನೂ ಒಂದು ವಾರ ಉಪ್ಪು ಹಾಗೇ ಇರಲಿ.

ಹೊಯ್ಸಳ ಡಿಸ್ಕಸ್, ಹಾಸನ

26 ಯಾಕೆ? 30 ದಾಟಿಸಿ ಸರ್. ಇಕ್ 30ರ ಮೇಲೆ ವಂಶ ಬೆಳೆಸುವುದಿಲ್ಲ. ನಾನು ಡಿಸ್ಕಸ್‌ಗೆ ಉಪ್ಪೂ ಹಾಕುವುದಿಲ್ಲ, ಬರೀ ಶಾಖ.

ಗಿರಿ ಅಕ್ವಾ, ಚಿಕ್ಕಮಗಳೂರು

ಡಿಸ್ಕಸ್ ಅಮೆಜಾನ್ ಕಡೆಯ ಮೀನು, ಅದಕ್ಕೆ 30 ಮನೆಯಿದ್ದ ಹಾಗೆ. ಗೋಲ್ಡ್‌ಫಿಷ್ ತಂಪು ನೀರಿನದು. 20 ಡಿಗ್ರಿಯಲ್ಲಿ ನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 30ರಲ್ಲಿ ಸುಮಾರು 7.5 ಅಷ್ಟೇ. ಕಿವಿರು ಮೊದಲೇ ಸುಟ್ಟಿರುವ ಮೀನಿಗೆ ಅದೂ ಕಡಿಮೆಯಾದರೆ ಕಷ್ಟ. ಇನ್ನೊಂದು ಕಾರಣ ಆ ಹರಿದ ಬಾಲ. ಅದರ ಹಿಂದೆ ಕಾಲಮ್ನಾರಿಸ್ ಬ್ಯಾಕ್ಟೀರಿಯಾ ಇದ್ದರೆ ಶಾಖ ಅದಕ್ಕೆ ಹಬ್ಬ. ಇಕ್ ವಾಸಿಯಾಗುವಷ್ಟರಲ್ಲಿ ಬಾಲದ ಬುಡವೇ ಹೋಗಿರುತ್ತದೆ. ಉಪ್ಪು ಕೆಲಸ ಮಾಡಲಿ, ಶಾಖ ಸ್ವಲ್ಪ ಕೈಜೋಡಿಸಲಿ.

ಸಕಲೇಶಪುರ ಎಸ್ಟೇಟ್

ನೀರಿನ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. ಹಾಸನದವರಿಗೆ ಬೋರ್ ನೀರು ಗಡಸು. ನಮ್ಮ ತೋಟದ ಬಾವಿ, ಒರತೆ ನೀರು ತೀರಾ ಮೃದು. ಒಂದೇ ಔಷಧಿ ಎರಡು ಕಡೆ ಎರಡು ಥರ ಕೆಲಸ ಮಾಡುತ್ತದೆ. ಮುಖ್ಯವಾಗಿ ತಾಮ್ರ ಇರುವ ಔಷಧಿಗಳು. ಚಿನ್ನದ ಪುಡಿಯಂಥ ಸಣ್ಣ ಚುಕ್ಕೆ ಬರುವ ವೆಲ್ವೆಟ್ ರೋಗಕ್ಕೆ ಇವನ್ನು ಕೊಡುತ್ತಾರಲ್ಲ, ಅವು. ಬೇಕಾಗುವುದು ಲೀಟರಿಗೆ 0.2 ಮಿಲಿಗ್ರಾಂ ತಾಮ್ರದ ಆಸುಪಾಸು. ಗಡಸು ನೀರಿನಲ್ಲಿ ಅದು ಮೀನಿಗೆ ತಡೆಯುತ್ತದೆ, ಮೃದು ನೀರಿನಲ್ಲಿ ಅಷ್ಟೇ ತಾಮ್ರ ಮೀನನ್ನೇ ಕೊಲ್ಲಬಹುದು. ಸಿಗಡಿ, ಬಸವನಹುಳ ಸಾಕಿದವರಂತೂ ಆ ಬಾಟಲಿ ಹತ್ತಿರವೂ ಹೋಗಬಾರದು.

ಔಷಧಿ ಹಾಕದಿದ್ದರೂ ತಾಮ್ರ ಬರುವ ದಾರಿ ನಮ್ಮ ಕಡೆ ಇದೆ: ಬೋರ್ಡೋ. ಮಳೆಗೆ ಮುಂಚೆ ಕಾಫಿಗೆ, ಮೆಣಸಿಗೆ, ಅಡಿಕೆಗೆ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಲೆಕ್ಕ ಹಾಕಿ ನೋಡಿ, ಅದರ ಒಂದು ಮಿಲಿಲೀಟರಿನಲ್ಲಿ ಸುಮಾರು 2.5 ಮಿಲಿಗ್ರಾಂ ತಾಮ್ರ ಇರುತ್ತದೆ. ಆ ಡ್ರಮ್ಮಿನಲ್ಲೋ ಬಕೆಟ್ಟಿನಲ್ಲೋ ಟ್ಯಾಂಕಿಗೆ ನೀರು ತುಂಬಿಸಿದರೆ ಕತೆ ಮುಗಿಯಿತು. ಮೀನಿನ ಮೈಮೇಲೆ ಚುಕ್ಕೆ, ಗಾಯ ಏನೂ ಕಾಣುವುದಿಲ್ಲ. ಜೋರಾಗಿ ಉಸಿರು, ಮೈಯೆಲ್ಲ ಲೋಳೆ, ಮೂಲೆಯಲ್ಲಿ ಮಂಕಾಗಿ ನಿಲ್ಲುವುದು. ಬಸವನಹುಳ ಇದ್ದರೆ ಅವು ಮೊದಲು ಸಾಯುತ್ತವೆ. ಮೀನಿಗೆ ಅಂತಲೇ ಒಂದು ಬಕೆಟ್ ಬೇರೆ ಇಡಿ, ಆಳುಗಳಿಗೂ ಹೇಳಿಡಿ.

ಸೊಳ್ಳೆಗೆ ಹಾಕುವ ಮಷೀನು, ಸ್ಪ್ರೇ ಕೂಡ ಹಾಗೇ. ಅದರಲ್ಲಿನ ಪೈರೆತ್ರಾಯ್ಡ್ ಮನುಷ್ಯರಿಗೆ ಅಷ್ಟಾಗಿ ತಾಗದು, ಮೀನಿಗೆ ಭಾರಿ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಅನ್ನುವುದು ತುಂಬಾ ಜನಕ್ಕೆ ಹೊಳೆಯುವುದಿಲ್ಲ.

ಅರಸೀಕೆರೆ ಫ್ಲವರ್‌ಹಾರ್ನ್

ಗಾಯಕ್ಕೆ, ಬಾಲಕ್ಕೆ ಕ್ಯಾಪ್ಸೂಲ್ ಹಾಕಿದರೆ ತಪ್ಪೇನು? ಟೆಟ್ರಾಸೈಕ್ಲಿನ್ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ನಾನು ಪ್ರತಿ ಸಲ ಅದನ್ನೇ ಬಿಚ್ಚಿ ನೀರಿಗೆ ಉದುರಿಸುತ್ತೇನೆ. ಕೆಲವು ಸಲ ವಾಸಿಯಾಗಿದೆ, ಕೆಲವು ಸಲ ಇಲ್ಲ. ಮೀನಿನ ಹಣೆಬರಹ.

ಪಶುವೈದ್ಯ ವಿದ್ಯಾರ್ಥಿ

ಅಣ್ಣ, ಹಣೆಬರಹ ಅಲ್ಲ, ಅರಸೀಕೆರೆ ನೀರು. ಟೆಟ್ರಾಸೈಕ್ಲಿನ್ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಜೊತೆ ಕಟ್ಟಿಕೊಂಡು ಬಿಡುತ್ತದೆ. ಮೀನಿನ ಮೈಗೆ ಸೇರುವುದು ಸ್ವಲ್ಪವೇ. ನೀರು ಹಳದಿಯಾಗುತ್ತದೆ, ಸ್ಪಂಜಿನ ಬ್ಯಾಕ್ಟೀರಿಯಾ ಸಾಯುತ್ತದೆ, ಬೇಡದ ಬ್ಯಾಕ್ಟೀರಿಯಾ ಆ ಔಷಧಿಗೆ ಒಗ್ಗಿಕೊಳ್ಳುತ್ತದೆ. ವಾಸಿಯಾದ ಮೀನುಗಳು ಬಹುಶಃ ನೀವು ಜೊತೆಗೆ ನೀರು ಬದಲಿಸಿದ್ದಕ್ಕೆ ವಾಸಿಯಾದವು. ಆಂಟಿಬಯಾಟಿಕ್ ಬೇಕೇ ಬೇಕು ಅಂತಾದರೆ ಆಹಾರದಲ್ಲಿ ಬೆರೆಸಿ ಕೊಡುವುದು ಒಳ್ಳೆಯದು, ಅದೂ ಡಾಕ್ಟರು ಹೇಳಿದ ಮೇಲೆ.

ಹೇಮಾವತಿ ಅಕ್ಕ, ಹಳದಿ ಪುಡಿಯ ಪ್ಯಾಕೆಟ್ಟಿನ ಮೇಲೆ ಹೆಸರು ಇಲ್ಲ ಅಂದರೆ ಹಾಕಲೇಬೇಡಿ. ಹಸಿರು ದ್ರಾವಣ ಯಾರಾದರೂ ಕೊಟ್ಟರೆ ಅದು ಮ್ಯಾಲಕೈಟ್ ಗ್ರೀನ್ ಇರಬಹುದು. ಇಕ್‌ಗೆ ಚೆನ್ನಾಗಿ ಕೆಲಸ ಮಾಡುತ್ತದೆ ನಿಜ, ಆದರೆ ಕೈಗೆ ಗ್ಲೌಸ್ ಬೇಕು. ತಿನ್ನುವ ಮೀನಿನ ಸಾಕಣೆಯಲ್ಲಿ ಅದಕ್ಕೆ ನಿಷೇಧ ಇದೆ.

ಬಿಳಿಯಾಗಿ ಕಾಣುವುದೆಲ್ಲ ಫಂಗಸ್ ಅಲ್ಲ ಅನ್ನುವುದೂ ಗೊತ್ತಿರಲಿ. ಗಾಯದ ಮೇಲೆ ಉದ್ದುದ್ದ ಎಳೆಯಾಗಿ ನೀರಿನಲ್ಲಿ ಅಲ್ಲಾಡುತ್ತಿದ್ದರೆ ಅದು ಬೂಷ್ಟು, ಸಾಪ್ರೊಲೆಗ್ನಿಯಾ. ಸತ್ತ ಚರ್ಮದ ಮೇಲೆ ಬೆಳೆಯುತ್ತದೆ, ನಿಧಾನ. ಬಾಯಿಯ ಸುತ್ತ ಅಥವಾ ಬೆನ್ನ ಮೇಲೆ ಅಡ್ಡಕ್ಕೆ ಬೂದುಬಿಳಿ ಪಟ್ಟೆಯಾಗಿ ಮೈಗೆ ಅಂಟಿಕೊಂಡಿದ್ದು, ಅಂಚು ಕೆಂಪಾಗಿ, ಒಂದೆರಡು ದಿನದಲ್ಲೇ ಹರಡಿದರೆ ಅದು ಕಾಲಮ್ನಾರಿಸ್. ಮೊದಲನೆಯದಕ್ಕೆ ಆಂಟಿಬಯಾಟಿಕ್ ಹಾಕಿ ಪ್ರಯೋಜನ ಇಲ್ಲ, ಎರಡನೆಯದಕ್ಕೆ ಫಂಗಸ್ ಔಷಧಿ ಹಾಕಿ ಕೂತರೆ ಮೀನು ಉಳಿಯುವುದಿಲ್ಲ.

ಗಾಯಕ್ಕೆ ಕೇಳಿದಿರಿ. ಪೊವಿಡೋನ್ ಅಯೋಡಿನ್ ದ್ರಾವಣ ಒಂದು ಪಾಲಿಗೆ ಒಂಬತ್ತು ಪಾಲು ಶುದ್ಧ ನೀರು ಬೆರೆಸಿ. ಒದ್ದೆ ಬಟ್ಟೆಯಲ್ಲಿ ಮೀನು ಹಿಡಿದು, ಹತ್ತಿ ಕಡ್ಡಿಯಿಂದ ಗಾಯಕ್ಕೆ ಮಾತ್ರ ಒತ್ತಿ, ಕೆಲವು ಸೆಕೆಂಡು ಬಿಟ್ಟು ವಾಪಸ್ ನೀರಿಗೆ. ಕಣ್ಣಿಗೆ, ಕಿವಿರಿಗೆ ತಾಗಬಾರದು. ಗಾಯ ಆಳ ಇದ್ದರೆ ಮಾತ್ರ ಇಷ್ಟು ಮಾಡಿ. ಮೇಲು ಮೇಲೆ ಹುರುಪೆ ಹೋಗಿದ್ದರೆ ಹಿಡಿಯುವ ಗಾಬರಿಗೇ ಮೀನು ಜಾಸ್ತಿ ಬಳಲುತ್ತದೆ. ಸ್ವಚ್ಛ ನೀರಿನಲ್ಲಿ ಹುರುಪೆ ಮತ್ತೆ ಬರುತ್ತದೆ. ಅರಿಶಿನ ಟ್ಯಾಂಕಿಗೆ ಬೇಡ ಅಂತ ಅಮ್ಮನಿಗೆ ಹೇಳಿ, ಸ್ಪಂಜಿಗೆ ಮೆತ್ತಿಕೊಂಡು ನೀರು ಕೆಡುತ್ತದೆ.

ಯಾವ ರೋಗ ಅಂತ ಖಚಿತವಾಗಿ ಗೊತ್ತಾಗುವುದು ಮೈಕ್ರೋಸ್ಕೋಪಿನಲ್ಲಿ. ಚರ್ಮದ ಲೋಳೆ ಸ್ವಲ್ಪ ಕೆರೆದು ನೋಡಿದರೆ ಇಕ್ ನಿಧಾನಕ್ಕೆ ಉರುಳುತ್ತಿರುತ್ತದೆ, ಒಳಗೆ ಲಾಳದ ಆಕಾರದ ಕೇಂದ್ರ ಕಾಣುತ್ತದೆ. ಪಶುವೈದ್ಯರ ಹತ್ತಿರ ಹೋಗುವುದಾದರೆ ಜೀವ ಇರುವ ಮೀನನ್ನು ಅದರದ್ದೇ ನೀರಿನಲ್ಲಿ ತನ್ನಿ, ಇನ್ನೊಂದು ಬಾಟಲಿಯಲ್ಲಿ ಟ್ಯಾಂಕಿನ ನೀರೂ ಇರಲಿ. ನಿನ್ನೆ ಸತ್ತು ಇವತ್ತು ಕವರಿನಲ್ಲಿ ಬಂದ ಮೀನಿನ ಕಿವಿರು ಕೊಳೆತಿರುತ್ತದೆ, ಅದರಿಂದ ಏನೂ ಹೇಳಲು ಆಗುವುದಿಲ್ಲ.

ನಿಮ್ಮ ಕೈ ಬಗ್ಗೆಯೂ ಒಂದು ಮಾತು. ಕೈಯಲ್ಲಿ ಗಾಯ ಇದ್ದಾಗ ಬರಿಗೈ ಟ್ಯಾಂಕಿಗೆ ಇಳಿಸಬೇಡಿ. ಮೈಕೋಬ್ಯಾಕ್ಟೀರಿಯಂ ಮರೀನಮ್ ಅನ್ನುವ ಬ್ಯಾಕ್ಟೀರಿಯಾ ಮೀನಿನಿಂದ ಮನುಷ್ಯರಿಗೆ ಬರುತ್ತದೆ. ಬೆರಳ ಮೇಲೆ ವಾರಗಟ್ಟಲೆ ಮಾಯದ ಗಂಟು ಬಂದರೆ ಚರ್ಮದ ಡಾಕ್ಟರಿಗೆ ‘ನಮ್ಮ ಮನೆಯಲ್ಲಿ ಮೀನಿನ ಟ್ಯಾಂಕ್ ಇದೆ’ ಅಂತ ಮೊದಲೇ ಹೇಳಿ. ಹೇಳದಿದ್ದರೆ ಅವರಿಗೆ ಆ ಕಡೆ ಯೋಚನೆ ಹೋಗುವುದು ಕಷ್ಟ.

ಕೊಪ್ಪದ ಹಳ್ಳ

ನಮ್ಮನೆ ಹಿಂದಿನ ಹಳ್ಳದಿಂದ ಸಣ್ಣ ಮೀನು ಹಿಡಿದು ಟ್ಯಾಂಕಿಗೆ ಬಿಟ್ಟಿದ್ದೇನೆ. ಮೈಮೇಲೆ ಅಲ್ಲಲ್ಲಿ ಕರಿ ಚುಕ್ಕೆ. ಗಸಗಸೆಯಷ್ಟು ಸಣ್ಣ. ಚೆನ್ನಾಗಿ ತಿನ್ನುತ್ತವೆ, ಓಡಾಡುತ್ತವೆ. ಇವಕ್ಕೂ ಉಪ್ಪಾ?

ಗಿರಿ ಅಕ್ವಾ, ಚಿಕ್ಕಮಗಳೂರು

ಏನೂ ಬೇಡ ತಮ್ಮಾ. ಹಳ್ಳದ ಮೀನಿನಲ್ಲಿ ಇದು ಮಾಮೂಲಿ. ಒಂದು ಜಾತಿಯ ಚಪ್ಪಟೆ ಹುಳದ ಮರಿ ಚರ್ಮದಲ್ಲಿ ಗೂಡು ಕಟ್ಟಿರುತ್ತದೆ, ಮೀನು ಅದರ ಸುತ್ತ ಕಪ್ಪು ಬಣ್ಣ ತುಂಬುತ್ತದೆ. ಆ ಹುಳ ಬಸವನಹುಳದಲ್ಲಿ ಸ್ವಲ್ಪ ಕಾಲ, ಮೀನಿನಲ್ಲಿ ಸ್ವಲ್ಪ ಕಾಲ, ಕೊನೆಗೆ ಮೀನು ತಿಂದ ಮಿಂಚುಳ್ಳಿ, ಕೊಕ್ಕರೆಯಂಥ ಹಕ್ಕಿಯ ಹೊಟ್ಟೆಯಲ್ಲಿ ದೊಡ್ಡದಾಗುವುದು. ನಿನ್ನ ಟ್ಯಾಂಕಿನಲ್ಲಿ ಮಿಂಚುಳ್ಳಿ ಇಲ್ಲವಲ್ಲ, ಹರಡುವುದಿಲ್ಲ.

ಆದರೆ ಅಂಗಡಿ ಮೀನಿನ ಜೊತೆ ಅವನ್ನು ಇಡಬೇಡ. ಇಟ್ಟಿದ್ದರೆ ಮತ್ತೆ ಹಳ್ಳಕ್ಕೆ ಬಿಡಬೇಡ. ನಮ್ಮ ಭದ್ರಾ, ತುಂಗೆಯ ಮೀನುಗಳಿಗೆ ಊರೂರು ಸುತ್ತಿ ಬಂದ ಕಾಯಿಲೆ ಅಂಟಿಸುವುದು ಬೇಡ. ಶೃಂಗೇರಿ ಹೊಳೆಯಲ್ಲಿ ಭಕ್ತರು ಮಂಡಕ್ಕಿ ಹಾಕುವ ಮೀನುಗಳೂ ಅದೇ ನೀರಿನವು. ಸಕ್ಕರ್ ಮೀನಿಗೂ ಇದೇ ಮಾತು. ದೊಡ್ಡದಾಯಿತು ಅಂತ ಕೆರೆಗೆ ಬಿಟ್ಟರೆ ಅಲ್ಲೇ ಬೇರೂರಿ ಕೆರೆ ಮೀನನ್ನೇ ಓಡಿಸುತ್ತದೆ.

ಕಡೂರು ಬೆಟ್ಟಾ

ನನ್ನ ಬೆಟ್ಟಾ ಹೊಟ್ಟೆ ಊದಿದೆ. ಬಟಾಣಿ ತಿನ್ನಿಸಿ ಅಂತ ವೀಡಿಯೋದಲ್ಲಿ ಹೇಳಿದರು. ತಿನ್ನುತ್ತಿಲ್ಲ. ತಳದಲ್ಲೇ ಮಲಗಿರುತ್ತದೆ. ಏನಾದರೂ ದಾರಿ ಇದೆಯಾ?

ಪಶುವೈದ್ಯ ವಿದ್ಯಾರ್ಥಿ

ಮೇಲಿನಿಂದ ನೋಡಿ. ಹೊಟ್ಟೆ ಮಾತ್ರ ಉಬ್ಬಿ ಹುರುಪೆ ನುಣ್ಣಗೆ ಮಲಗಿದ್ದರೆ ಅದು ಅಜೀರ್ಣ ಇರಬಹುದು. ಎರಡು ಮೂರು ದಿನ ಉಪವಾಸ, ನೀರು 26-27 ಡಿಗ್ರಿ. ಬಟಾಣಿ ಗೋಲ್ಡ್‌ಫಿಷ್‌ಗೆ ಸರಿ. ಬೆಟ್ಟಾ ಹುಳ ಹುಪ್ಪಟೆ ತಿನ್ನುವ ಮೀನು, ಅದಕ್ಕೆ ಬೇಕಾಗಿಲ್ಲ.

ಹುರುಪೆಗಳು ಮೈಯಿಂದ ಎದ್ದು ನಿಂತಿದ್ದರೆ ಅದು ಡ್ರಾಪ್ಸಿ. ಡ್ರಾಪ್ಸಿ ಅನ್ನುವುದು ರೋಗದ ಹೆಸರಲ್ಲ. ಮೂತ್ರಪಿಂಡ ಸೋತು ಮೈಯಲ್ಲಿ ನೀರು ತುಂಬಿಕೊಂಡಿದೆ ಅಂತ ಅರ್ಥ. ಎಪ್ಸಮ್ ಉಪ್ಪು 10 ಲೀಟರಿಗೆ ಒಂದು ಟೀ ಚಮಚ ಹಾಕಿದರೆ ಊತ ಸ್ವಲ್ಪ ಇಳಿಯಬಹುದು. ಅಡುಗೆ ಉಪ್ಪು ಈ ಒಂದಕ್ಕೆ ಬೇಡ. ಆ ಹಂತ ಮುಟ್ಟಿದ ಮೀನು ಉಳಿಯುವುದು ಅಪರೂಪ ಅಂತ ಮಾತ್ರ ತಿಳಿದಿರಿ.

ಕಡೂರು ಬೆಟ್ಟಾ

ಎದ್ದು ನಿಂತಿವೆ. ಪಕ್ಕಕ್ಕೆ ಬಿದ್ದಿದೆ, ಕಿವಿರು ಮಾತ್ರ ಆಡುತ್ತಿದೆ.

ಪಶುವೈದ್ಯ ವಿದ್ಯಾರ್ಥಿ

ಹಾಗಿದ್ದರೆ ಎಳೆಯುವುದು ಬೇಡ ಅಕ್ಕ ಅಥವಾ ಅಣ್ಣ. ಮೆಡಿಕಲ್‌ನಲ್ಲಿ ಹಲ್ಲುನೋವಿಗೆ ಕೊಡುವ ಲವಂಗದ ಎಣ್ಣೆ ತನ್ನಿ. ಬೆಟ್ಟಾವನ್ನು ಒಂದು ಲೀಟರ್ ಟ್ಯಾಂಕ್ ನೀರಿನಲ್ಲಿಡಿ. ಎರಡು ಮೂರು ಹನಿ ಎಣ್ಣೆಯನ್ನು ಪುಟ್ಟ ಬಾಟಲಿಯಲ್ಲಿ ಬೆಚ್ಚಗಿನ ನೀರಿನ ಜೊತೆ ಜೋರಾಗಿ ಕುಲುಕಿ, ಬೆಳ್ಳಗಾದ ಮೇಲೆ ನಿಧಾನಕ್ಕೆ ಸುರಿಯಿರಿ. ಮೀನು ನಿದ್ದೆ ಹೋಗುತ್ತದೆ. ಪೂರ್ತಿ ಅಲುಗಾಟ ನಿಂತ ಮೇಲೆ ಇನ್ನೂ ಹತ್ತು ಹನಿ ಅದೇ ರೀತಿ. ಕಿವಿರು ನಿಂತ ಮೇಲೂ 20 ನಿಮಿಷ ಹಾಗೇ ಬಿಡಿ. ಫ್ರೀಜರಿಗೆ ಹಾಕುವುದು, ಕಮೋಡಿಗೆ ಬಿಡುವುದು ಮಾಡಬೇಡಿ. ಮಣ್ಣಲ್ಲಿ ಹೂಳಿ.

ಹೇಮಾವತಿ ದಂಡೆ, ಹಾಸನ

ಗಿರಿಯವರೇ, ಉಪ್ಪು ಪೂರ್ತಿ ಹಾಕಿ ಆಯಿತು, ನೀರು 26. ಮೊದಲು ಚುಕ್ಕೆ ಉದುರಿ ಮೈ ಕ್ಲೀನ್ ಆಯಿತು, ಖುಷಿ ಪಟ್ಟೆವು. ಈಗ ಮತ್ತೆ ಬಂದಿವೆ, ಮೊದಲಿಗಿಂತ ಜಾಸ್ತಿ ಅನಿಸುತ್ತಿದೆ. ದೊಡ್ಡದರ ಬಾಲಕ್ಕೂ ಎರಡು ಬಂದಿವೆ. ನೀಲಿ ಔಷಧಿ ಹಾಕಿಬಿಡಲಾ? ಇನ್ನೊಂದು, ಚಿಕ್ಕದರ ಬಾಲದ ಅಂಚಿನಲ್ಲಿ ಈಗ ಬಣ್ಣವಿಲ್ಲದ ಗಾಜಿನಂಥ ಪದರ ಕಾಣುತ್ತಿದೆ. ಗಾಯದ ಸುತ್ತ ಕಪ್ಪಾಗುತ್ತಿದೆ. ಕೊಳೆಯುತ್ತಿದೆಯಾ?

ಗಿರಿ ಅಕ್ವಾ, ಚಿಕ್ಕಮಗಳೂರು

ಇಲ್ಲ ಅಕ್ಕ, ತಡೆಯಿರಿ. ಇದು ಎರಡನೇ ಸುತ್ತು. ಉಪ್ಪು ಪೂರ್ತಿ ಏರುವ ಮೊದಲೇ ಚರ್ಮ ಹೊಕ್ಕಿದ್ದ ಮರಿಗಳು ಈಗ ಕಣ್ಣಿಗೆ ಕಾಣುವಷ್ಟು ಬೆಳೆದಿವೆ. ಇವು ಉದುರಿ ಮರಿ ಬಿಟ್ಟಾಗ ಉಪ್ಪು ಕಾದು ಕೂತಿರುತ್ತದೆ. ಎಲ್ಲರೂ ಕೈ ಬಿಡುವುದು, ಔಷಧಿ ಬದಲಿಸುವುದು ಸರಿಯಾಗಿ ಈ ಹೊತ್ತಿನಲ್ಲೇ. ತಳದ ಕಲ್ಲನ್ನು ದಿನ ಬಿಟ್ಟು ದಿನ ಪೈಪಿನಿಂದ ಹೀರಿ ತೆಗೆಯಿರಿ, ಗೂಡುಗಳು ಬಹಳಷ್ಟು ಅಲ್ಲೇ ಇರುತ್ತವೆ.

ಬಾಲದ ಗಾಜಿನಂಥ ಅಂಚು ಹೊಸ ಚಿಗುರು. ರೆಕ್ಕೆ ಬೆಳೆಯುವಾಗ ಮೊದಲು ಬಣ್ಣ ಇಲ್ಲದೆಯೇ ಬರುತ್ತದೆ. ಕೊಳೆಯುತ್ತಿದ್ದರೆ ಅಂಚು ಮಂಜು ಬಿಳಿಯಾಗಿ ಅಥವಾ ಕೆಂಪಾಗಿ, ದಿನೇ ದಿನೇ ಒಳಕ್ಕೆ ಸರಿಯುತ್ತದೆ. ಬುಡ ಉಳಿದಿದ್ದರೆ ಬಾಲ ಪೂರ್ತಿ ಬರುತ್ತದೆ, ಬುಡವೇ ಹೋಗಿದ್ದರೆ ಬರುವುದಿಲ್ಲ. ಗಾಯದ ಸುತ್ತ ಕಪ್ಪಾಗುವುದು ವಾಸಿಯಾಗುವ ಲಕ್ಷಣ. ಅಮೋನಿಯಾದಿಂದ ಸುಟ್ಟ ಗೋಲ್ಡ್‌ಫಿಷ್‌ಗೂ ನೀರು ಸರಿಹೋದ ಮೇಲೆ ಹೀಗೇ ಕರಿ ಮಚ್ಚೆ ಬರುತ್ತವೆ, ಕ್ರಮೇಣ ಮಾಸುತ್ತವೆ.

ಅಮೋನಿಯಾ ಎಷ್ಟಿದೆ ಅಂತ ಬರೆದೇ ಇಲ್ಲ ನೀವು.

ಹೇಮಾವತಿ ದಂಡೆ, ಹಾಸನ

ಅಮೋನಿಯಾ 0.25ಕ್ಕೆ ಇಳಿದಿದೆ. ನೈಟ್ರೈಟ್ ಸ್ವಲ್ಪ ಕಾಣಿಸಿಕೊಂಡಿದೆ.

ಗಿರಿ ಅಕ್ವಾ, ಚಿಕ್ಕಮಗಳೂರು

ಸರಿಯಾದ ದಾರಿಯಲ್ಲೇ ಇದೆ. ಸ್ಪಂಜು ಕೆಲಸ ಶುರು ಮಾಡಿದೆ, ಅದರಲ್ಲಿನ ಬ್ಯಾಕ್ಟೀರಿಯಾ ಅಮೋನಿಯಾ ತಿಂದು ಬಿಡುವುದೇ ನೈಟ್ರೈಟ್. ನೈಟ್ರೈಟ್ ಇರುವಾಗ ಉಪ್ಪು ಇರುವುದು ಇನ್ನೂ ಒಳ್ಳೆಯದು, ಅದರಲ್ಲಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ಬಿಡುವುದಿಲ್ಲ. ನೀರು ಬದಲಿಸುವುದು ಮಾತ್ರ ನಿಲ್ಲಿಸಬೇಡಿ.

ಮೂಡಿಗೆರೆ ಮಳೆ

ಮಧ್ಯೆ ಬಾಯಿ ಹಾಕುತ್ತೇನೆ. ಹೀಟರ್, ಪಂಪ್ ಎಲ್ಲ ಸರಿ, ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಮಾರನೇ ದಿನ ಬಂದರೆ ಪುಣ್ಯ. ಆಗ ಏನು ಮಾಡುವುದು?

ಸಕಲೇಶಪುರ ಎಸ್ಟೇಟ್

ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ, ಜಾಸ್ತಿ ದುಡ್ಡಿಲ್ಲ. ಊಟ ನಿಲ್ಲಿಸಿ. ಟ್ಯಾಂಕಿಗೆ ಕಂಬಳಿ ಸುತ್ತಿ, ಮೇಲೆ ಗಾಳಿಗೆ ಜಾಗ ಬಿಡಿ. ಪಂಪ್ ಇಲ್ಲದಿದ್ದರೆ ಚೊಂಬಿನಲ್ಲಿ ನೀರು ತೆಗೆದು ಎತ್ತರದಿಂದ ಆಗಾಗ ಸುರಿಯಿರಿ. ಮುಚ್ಚಿದ ಡಬ್ಬದ ಫಿಲ್ಟರ್ ಇರುವವರು ಎಚ್ಚರ. ಗಂಟೆಗಟ್ಟಲೆ ನಿಂತರೆ ಒಳಗಿನ ಬ್ಯಾಕ್ಟೀರಿಯಾ ಸತ್ತು ನೀರು ನಾರುತ್ತದೆ. ಕರೆಂಟ್ ಬಂದ ಕೂಡಲೇ ಆ ನೀರು ಟ್ಯಾಂಕಿಗೆ ನುಗ್ಗುತ್ತದೆ. ಮೊದಲು ಬಿಚ್ಚಿ ಆ ನೀರು ಚೆಲ್ಲಿ, ಟ್ಯಾಂಕಿನ ನೀರಿನಲ್ಲೇ ಸ್ಪಂಜು ಅಲುಗಿಸಿ ತೊಳೆದು ಆಮೇಲೆ ಹಾಕಿ.

ಹೇಮಾವತಿ ದಂಡೆ, ಹಾಸನ

ಎರಡೂ ಮೀನಿನ ಮೈಯಲ್ಲಿ ಈಗ ಇಕ್ ಚುಕ್ಕೆ ಒಂದೂ ಇಲ್ಲ. ಹೇಳಿದಂತೆ ಇನ್ನೂ ಒಂದು ವಾರ ಉಪ್ಪು ಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಬದಲಿಸಿ ಇಳಿಸಿದೆ. ದೊಡ್ಡದರ ಕಿವಿರಿನ ಗಂಟು ಹಾಗೇ ಇವೆ. ಈಗ ಅದು ಚಿಕ್ಕದನ್ನು ಬೆಳಿಗ್ಗೆಯೆಲ್ಲ ಅಟ್ಟಿಸಿಕೊಂಡು ಓಡುತ್ತದೆ. ಮಗಳು ಇನ್ನೂ ಎರಡು ಮೀನು ತರೋಣ ಅಂತಾಳೆ.

ಗಿರಿ ಅಕ್ವಾ, ಚಿಕ್ಕಮಗಳೂರು

ಚಿಕ್ಕದು ಹೆಣ್ಣು ಇರಬೇಕು. ಹಾಗೆ ಅಟ್ಟುವಾಗಲೂ ಹುರುಪೆ ಕಿತ್ತುಹೋಗುತ್ತದೆ, ಚೂಪಾದ ಕಲ್ಲು, ಪ್ಲಾಸ್ಟಿಕ್ ಗಿಡ ಇದ್ದರೆ ತೆಗೆಯಿರಿ. ತೀರಾ ಬಳಲಿದರೆ ನಡುವೆ ಜಾಳಿಗೆ ಇಡಿ.

60 ಲೀಟರ್ ಎರಡಕ್ಕೇ ಸಾಲದು ಅಕ್ಕ, ಇನ್ನೆರಡು ಎಲ್ಲಿ ಹಾಕುತ್ತೀರಿ? ತರುವುದೇ ಆದರೆ ಬೇರೆ ಟಬ್ಬಿನಲ್ಲಿ ಮೂರು ನಾಲ್ಕು ವಾರ ಇಟ್ಟು ನೋಡಿ ಬಿಡಿ. ಬಲೆ, ಬಕೆಟ್ ಎಲ್ಲ ಬೇರೆ. ನಮ್ಮ ಊರಿನ ಅಂಗಡಿಗೆ ಮೀನು ಬರುವುದು ಚೆನ್ನೈನ ಕೊಳತ್ತೂರು, ಕೋಲ್ಕತ್ತಾ ಕಡೆಯ ಫಾರಂಗಳಿಂದ, ನಾಲ್ಕಾರು ಕೈ ದಾಟಿ. ಗೋಲ್ಡ್‌ಫಿಷ್ ರೆಕ್ಕೆಯ ಬುಡದಲ್ಲಿ ಸಣ್ಣ ಕಡ್ಡಿ ಚುಚ್ಚಿದಂತೆ ಕಂಡರೆ ಅದು ಆಂಕರ್ ಹುಳ. ಅಂಥ ಮೀನು ಇರುವ ಟ್ಯಾಂಕಿನಿಂದ ಯಾವುದನ್ನೂ ತೆಗೆದುಕೊಳ್ಳಬೇಡಿ.

ನನ್ನ ಹಳೇ 3 ಅಡಿ ಟ್ಯಾಂಕ್ ಸುಮ್ನೆ ಬಿದ್ದಿದೆ. ದುಡ್ಡು ಬೇಡ, ಬಂದು ಒಯ್ಯಿರಿ. ಒಂದು ಮೂಲೆ ಸೋರುತ್ತದೆ, ಸಿಲಿಕಾನ್ ಹಾಕಿಸಬೇಕು.

ಹೇಮಾವತಿ ದಂಡೆ, ಹಾಸನ

ಈ ಭಾನುವಾರವೇ ಬರುತ್ತೇವೆ! ಮನೆಯಲ್ಲಿ ಬಾತ್‌ರೂಮಿಗೆ ತಂದ ಸಿಲಿಕಾನ್ ಅರ್ಧ ಟ್ಯೂಬ್ ಇದೆ, ಅದು ಆಗುತ್ತದಾ?

ಗಿರಿ ಅಕ್ವಾ, ಚಿಕ್ಕಮಗಳೂರು

ಬೇಡ. ಬಾತ್‌ರೂಮಿನದಕ್ಕೆ ಬೂಷ್ಟು ಬರದಂತೆ ವಿಷ ಬೆರೆಸಿರುತ್ತಾರೆ. ಅಕ್ವೇರಿಯಂಗೆ ಅಂತ ಬರೆದಿರುವುದನ್ನೇ ತನ್ನಿ. ಹಾಕಿದ ಮೇಲೆ ವಿನಿಗರ್ ವಾಸನೆ ಪೂರ್ತಿ ಹೋಗುವ ತನಕ ನೀರು ತುಂಬಬೇಡಿ.